ಮಾಟಗಾತಿಯರ ಬೇಟೆಯೂ ಪ್ರಮಾಣವಿಚಾರವೂ

2013ನೆಯ ಇಸವಿಯಲ್ಲಿ ‘ಹ್ಯಾನ್ಸೆಲ್ ಅಂಡ್ ಗ್ರೆಟೆಲ್: ವಿಚ್ ಹಂಟರ್ಸ್’ ಎಂಬ ಆಂಗ್ಲ ಚಲಚ್ಚಿತ್ರವೊಂದು ಹೊರಬಂದಿತು. ನಾರ್ವೆ ದೇಶದ ಟಾಮಿ ವಿರ್ಕೋಲ ಎಂಬವನು ಅದರ ನಿರ್ದೇಶಕನು. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಅಚ್ಚುಹಾಕಿಸಿದ ಕಥಾಸಂಗ್ರಹದಿಂದ ಆ ಚಿತ್ರದ ಬೀಜವು ಬಂದಿದೆ. ಕಾಡಿನಲ್ಲಿ ತೊರೆಯಲ್ಪಟ್ಟ ಇಬ್ಬರು ಒಡಹುಟ್ಟಿದ ಮಕ್ಕಳು ಅಲ್ಲಿ ಮಾಟಗಾತಿಯೊಬ್ಬಳ ಕೈಗೆ ಸಿಕ್ಕಿ, ಕಡೆಗೆ ಅವಳನ್ನು ಅವಳ ಒಲೆಗೇ ನೂಕಿ ಪಾರಾಗುವುದು ಮೂಲಕಥೆ. ಚಿತ್ರದಲ್ಲಿ ಆ ಮಕ್ಕಳು ಬೆಳೆದು, ಮಾಟಗಾತಿಯರನ್ನು ಬೇಟೆಯಾಡುವುದನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದಾರೆ. ಆಗ್ಸ್‌ಬರ್ಗ್ ಎಂಬ ಪಟ್ಟಣದ ಅಧ್ಯಕ್ಷನು ಹಣಕೊಟ್ಟು ಅವರನ್ನು ಕರೆಸುತ್ತಾನೆ. ಆಮೇಲೆ ನಡೆಯುವುದೆಲ್ಲವನ್ನೂ ಪ್ರೇಕ್ಷಕನು ಮೊದಲೇ ಊಹಿಸಬಲ್ಲನು: ಹೊಡೆದಾಟ, ಓಟ, ಕಡೆಗೆ ದುಷ್ಟಸಂಹಾರ. ಹೊಸತೇನೂ ಇಲ್ಲದಿದ್ದರೂ ಒಂದೂವರೆ ಗಂಟೆಯ ಕಾಲ ಬೇಸರವಿಲ್ಲದೆ ಕುಳಿತು ನೋಡಬಹುದಾದ ಚಿತ್ರವೆಂಬುದರಲ್ಲಿ ಸಂದೇಹವಿಲ್ಲ.

ಆ ಚಿತ್ರದ ಆರಂಭದಲ್ಲಿ ಒಂದು ಸಣ್ಣ ಸಂಗತಿಯುಂಟು. ಊರಿನವರು ಒಬ್ಬ ತರುಣಿಯನ್ನು ಮಾಟಗಾತಿಯೆಂದು ಹಿಡಿದು ಕೊಲ್ಲಲು ಹೊರಟಿರುತ್ತಾರೆ. ಬೇಟೆಗಾರರು ಬಂದು ಅವಳ ಮುಖವನ್ನೂ ಮೈಯನ್ನೂ ನೋಡಿ, ಇವಳಲ್ಲಿ ಆ ಚಿಹ್ನೆಗಳಾವುವೂ ಇಲ್ಲವೆಂದು ಹೇಳಿ ಬಿಡಿಸುತ್ತಾರೆ. ಆ ಕಥೆಯ ಲೋಕದಲ್ಲಿ ದುಷ್ಟ ಮಾಟದಲ್ಲಿ ತೊಡಗಿದವಳ ಚರ್ಮವು ಕೊಳೆತು ವಿಕಾರವಾಗುವುದು. ನೋಡಿದವರಿಗೆ ಒಡನೆಯೇ ಗೊತ್ತಾಗುವುದು. ಎಂದರೆ, ಅಲ್ಲಿಯ ಬೇಟೆಗಾರನಿಗೆ ಪ್ರತ್ಯಕ್ಷ ಪ್ರಮಾಣವೇ ಕೈಯಲ್ಲಿದೆ. ಆದರೆ ಯೂರೋಪಿನ ಚರಿತ್ರೆಯಲ್ಲಿ ನಿಜವಾಗಿ ಬೇಟೆಗೆ ಹೊರಟವರಿಗೆ ಇಂಥ ಚಿಹ್ನೆಯು ಯಾವುದೂ ಇರಲಿಲ್ಲ. ಇಲ್ಲದ ಪ್ರಮಾಣವನ್ನು ಅವರು ಹೇಗೆ ಒದಗಿಸಿಕೊಂಡರು, ಅದರಿಂದ ಏನಾಯಿತು, ಕಡೆಗೆ ಯಾರು ಅದನ್ನು ಪ್ರಶ್ನಿಸಿದರು ಎಂಬುದೇ ಈ ಬೇಟೆಯ ನಿಜವಾದ ಇತಿಹಾಸವು.

ಮಾಟಗಾತಿಯರ ದಹನವು ಕತ್ತಲೆಯ ಯುಗದ ಮೌಢ್ಯವೆಂದು ಸಾಮಾನ್ಯವಾಗಿ ಹೇಳುವುದುಂಟು. ಇದು ಸರಿಯಲ್ಲ. ಈ ಬೇಟೆಯು ಉಗ್ರವಾಗಿ ನಡೆದುದು ಸುಮಾರು 1560ರಿಂದ 1630ರ ವರೆಗೆ; ಎಂದರೆ ಮುದ್ರಣಯಂತ್ರವು ಬಂದು ನೂರು ವರ್ಷಗಳಾದ ಮೇಲೆ, ಗೆಲಿಲಿಯೋ ದೂರದರ್ಶಕದಿಂದ ಆಕಾಶವನ್ನು ನೋಡಿದ ಕಾಲದಲ್ಲಿ. ಯೂರೋಪಿನಲ್ಲೆಲ್ಲ ಈ ಆರೋಪದ ಮೇಲೆ ಮರಣದಂಡನೆಗೆ ಗುರಿಯಾದವರು ಸುಮಾರು 40,000ದಿಂದ 60,000 ಮಂದಿಯೆಂದು ಇಂದಿನ ಇತಿಹಾಸಜ್ಞರು ನ್ಯಾಯಸ್ಥಾನಗಳ ದಾಖಲೆಗಳನ್ನು ಶೋಧಿಸಿ ಅಂದಾಜುಮಾಡಿರುವರು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಸ್ತ್ರೀಯರು. ಇವರಲ್ಲಿ ಬಹುಮಂದಿಯನ್ನು ಕೊಂದುದು ಹುಚ್ಚೆದ್ದ ಗುಂಪಲ್ಲ. ನ್ಯಾಯಾಧಿಪತಿ, ಗುಮಾಸ್ತ, ಸಾಕ್ಷಿ, ತೀರ್ಪು ಇವೆಲ್ಲ ಕ್ರಮವಾಗಿ ಇದ್ದ ನ್ಯಾಯಸ್ಥಾನಗಳೇ ಕೊಂದವು. ಬೇಲಿಯೇ ಎದ್ದು ಹೊಲ ಮೇಯ್ದಿತು.

ಇದಕ್ಕೆ ಶಾಸ್ತ್ರದ ರೂಪವನ್ನು ಕೊಟ್ಟವರಲ್ಲಿ ಮೊದಲು ಹೆಸರಿಸಬೇಕಾದವನು ಹೈನ್‌ರಿಕ್ ಕ್ರಾಮರ್ ಎಂಬ ಡೊಮಿನಿಕನ್ ಸಂನ್ಯಾಸಿ. ಮಾಟಗಾತಿಯರನ್ನು ವಿಚಾರಿಸುವ ಅಧಿಕಾರವನ್ನು ದೃಢಪಡಿಸುವ ಆಜ್ಞಾಪತ್ರವನ್ನು ಅವನು 1484ರಲ್ಲಿ ಎಂಟನೆಯ ಇನ್ನೊಸೆಂಟ್ ಪೋಪನಿಂದ ಪಡೆದನು. ಮರುವರ್ಷ ಇನ್ಸ್‌ಬ್ರುಕ್ ಪಟ್ಟಣದಲ್ಲಿ ಕೆಲವು ಸ್ತ್ರೀಯರ ಮೇಲೆ ವಿಚಾರಣೆಯನ್ನು ಹೂಡಿದನು. ಆದರೆ ಅವನು ಕ್ರಮತಪ್ಪಿ ನಡೆದನೆಂದು ಆಕ್ಷೇಪವೆದ್ದು, ವಿಚಾರಣೆಯು ರದ್ದಾಯಿತು. ಆರೋಪಿತರು ಬಿಡುಗಡೆ ಹೊಂದಿದರು. ಆ ಸೀಮೆಯ ಬಿಷಪ್ಪನಾದ ಗೇಯಾರ್ಗ್ ಗೋಲ್ಸರನು, ಈ ಸಂನ್ಯಾಸಿಗೆ ಮುಪ್ಪಿನಿಂದ ಬುದ್ಧಿಯು ಮಕ್ಕಳಂತಾಗಿದೆ ಎಂಬ ಅಭಿಪ್ರಾಯವನ್ನು ತನ್ನ ಪತ್ರದಲ್ಲಿ ಬರೆದು, ಅವನು ಊರು ಬಿಟ್ಟು ಹೋಗುವಂತೆ ಮಾಡಿದನು. ಅವಮಾನಿತನಾದ ಕ್ರಾಮರನು ಒಂದು ಗ್ರಂಥವನ್ನು ಬರೆದನು. 1486ರಲ್ಲಿ ಮುದ್ರಿತವಾದ ಆ ಲ್ಯಾಟಿನ್ ಗ್ರಂಥದ ಹೆಸರು ‘ಮಾಲೆಯುಸ್ ಮಾಲೆಫಿಕಾರುಮ್’; ಮಾಟಗಾತಿಯರಿಗೆ ಸುತ್ತಿಗೆ ಎಂದು ಅರ್ಥ. ಸ್ತ್ರೀಯರೇ ಏಕೆ ಹೆಚ್ಚಾಗಿ ಮಾಟದಲ್ಲಿ ತೊಡಗುವರೆಂಬುದಕ್ಕೆ ಅದರಲ್ಲಿ ಒಂದು ನಿರುಕ್ತಿಯಿದೆ. ‘ಫೆಮಿನ’ ಎಂಬ ಸ್ತ್ರೀವಾಚಕ ಶಬ್ದವನ್ನು ‘ಫೆ’ ‘ಮಿನುಸ್’ ಎಂದು ಒಡೆದು, ಶ್ರದ್ಧೆ ಕಡಿಮೆಯಿರುವವಳು ಎಂದು ಅರ್ಥಮಾಡಲಾಗಿದೆ. ಇದು ಪೂರ್ತಿ ತಪ್ಪು ವ್ಯುತ್ಪತ್ತಿ. ಆ ಶಬ್ದಕ್ಕೂ ಶ್ರದ್ಧೆಗೂ ಯಾವ ಸಂಬಂಧವೂ ಇಲ್ಲ. ವ್ಯಾಕರಣವನ್ನು ಬಲ್ಲ ಬಾಲಕನು ತಿದ್ದಬಹುದಾದ ಇಂಥ ತಪ್ಪು, ಅಚ್ಚಾದ ಪುಸ್ತಕದಲ್ಲಿದ್ದುದರಿಂದ ಆಪ್ತವಾಕ್ಯದಂತೆ ಸಂಚರಿಸಿತು. ಮುಂದಿನ ಎರಡು ಶತಮಾನಗಳಲ್ಲಿ ಆ ಗ್ರಂಥವು ಸುಮಾರು ಮೂವತ್ತು ಸಲ ಮುದ್ರಣವಾಯಿತು.

ಗ್ರಂಥವಿದ್ದ ಮಾತ್ರಕ್ಕೆ ಚಿತೆಗಳು ಉರಿಯವು. ಜನರಲ್ಲಿ ಭಯವೂ ಬೇಕು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನ ಹವೆಯು ತಣ್ಣಗಾಗುತ್ತ ಬಂದಿತು. ಚಳಿಗಾಲವು ದೀರ್ಘವಾಯಿತು, ದ್ರಾಕ್ಷಿಯ ತೋಟಗಳು ಹಿಮದಿಂದ ಸುಟ್ಟವು, ಧಾನ್ಯದ ಬೆಲೆ ಏರಿತು. 1562ನೆಯ ಆಗಸ್ಟ್ ತಿಂಗಳಿನಲ್ಲಿ ದಕ್ಷಿಣ ಜರ್ಮನಿಯಲ್ಲಿ ಭಯಂಕರವಾದ ಆಲಿಕಲ್ಲಿನ ಮಳೆ ಬಿದ್ದು ಬೆಳೆಯೆಲ್ಲ ನಾಶವಾಯಿತು. ಅದನ್ನು ಮಾಟಗಾತಿಯರೇ ಸುರಿಸಿದರೆಂದು ಹೇಳಿ, ವೀಸೆನ್‌ಸ್ಟೈಗ್ ಎಂಬ ಒಂದು ಸಣ್ಣ ಸೀಮೆಯಲ್ಲಿಯೇ 63 ಮಂದಿ ಸ್ತ್ರೀಯರನ್ನು ಕೊಂದರು. ಹಳ್ಳಿಗಳಲ್ಲಿ ನಡೆಯುತ್ತಿದ್ದುದು ಬಹಳ ಸರಳವಾದ ತರ್ಕ. ಮುದುಕಿಯೊಬ್ಬಳು ಹಾಲು ಬೇಡಿದಳು, ಮನೆಯವರು ಕೊಡಲಿಲ್ಲ, ಅವಳು ಗೊಣಗುತ್ತ ಹೋದಳು, ಮರುದಿನ ಹಸು ಬತ್ತಿತು. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದುದನ್ನು ಕಂಡು, ಕಾಗೆಯೇ ಹಣ್ಣನ್ನು ಕೆಡವಿತೆಂದು ತಿಳಿಯುವುದನ್ನು ಕಾಕತಾಳೀಯವೆನ್ನುವರು. ಆ ಕಾಕತಾಳೀಯವೇ ಇಲ್ಲಿ ದೋಷಾರೋಪಣೆಯಾಯಿತು. ಆರೋಪಕ್ಕೆ ಗುರಿಯಾದವರಲ್ಲಿ ಬಡವರು, ವೃದ್ಧೆಯರು, ಗಂಡನಿಲ್ಲದವರು, ಬಾಯಿ ಜೋರಾದವರು ಹೆಚ್ಚು ಮಂದಿ ಇದ್ದುದಕ್ಕೆ ಇದೇ ಕಾರಣವು.

ಆದರೂ ನೆರೆಯವರ ಗುಮಾನಿಯು ನ್ಯಾಯಸ್ಥಾನದಲ್ಲಿ ನಿಲ್ಲಬೇಕಾದರೆ ಸಾಕ್ಷ್ಯ ಬೇಕಲ್ಲವೆ? ಐದನೆಯ ಚಾರ್ಲ್ಸ್ ಚಕ್ರವರ್ತಿಯು 1532ರಲ್ಲಿ ಜರ್ಮನ್ ರಾಜ್ಯಗಳಿಗೆಲ್ಲ ಒಂದು ದಂಡಸಂಹಿತೆಯನ್ನು ಕೊಟ್ಟಿದ್ದನು. ಮಾಟದಿಂದ ಇತರರಿಗೆ ಹಾನಿಮಾಡಿದವರನ್ನು ಸುಡಬೇಕೆಂದು ಅದು ವಿಧಿಸಿತ್ತು. ಸಾಕಷ್ಟು ಸೂಚನೆಗಳಿಲ್ಲದೆ ಚಿತ್ರಹಿಂಸೆಯನ್ನು ಕೊಡಬಾರದೆಂದೂ, ಬೇಕಾದ ಉತ್ತರವನ್ನು ಪ್ರಶ್ನೆಯಲ್ಲಿಯೇ ಇಟ್ಟು ಕೇಳಬಾರದೆಂದೂ ಅದೇ ಸಂಹಿತೆಯು ಕಟ್ಟಪ್ಪಣೆ ಮಾಡಿತ್ತು. ಈ ಕಟ್ಟುಗಳನ್ನು ಪಾಲಿಸಿದ ಕಡೆಗಳಲ್ಲಿ ಚಿತೆಗಳು ವಿರಳ. ಆದರೆ ಮಾಟವೆಂಬುದು ಗುಟ್ಟಾಗಿ ನಡೆಯುವ ಅಸಾಧಾರಣವಾದ ಅಪರಾಧ, ಅದಕ್ಕೆ ಸಾಧಾರಣ ನಿಯಮಗಳು ಸಲ್ಲವು ಎಂಬ ವಾದವು ಹುಟ್ಟಿತು. ಅಪರಾಧವು ಹೆಚ್ಚು ಘೋರವಾದಷ್ಟೂ ಪ್ರಮಾಣವು ಕಡಿಮೆ ಸಾಕೆಂಬ ಈ ವಿಪರೀತವಾದವನ್ನು ಒಪ್ಪಿದ ನ್ಯಾಯಸ್ಥಾನಗಳಲ್ಲಿಯೇ ಮಾರಣಹೋಮವು ನಡೆಯಿತು.

ಚಲಚ್ಚಿತ್ರದ ಬೇಟೆಗಾರನಿಗೆ ಚರಿತ್ರೆಯಲ್ಲಿ ಸರಿಸಮಾನನಾಗಿ ದೊರೆಯುವವನು ಇಂಗ್ಲೆಂಡಿನ ಮ್ಯಾಥ್ಯೂ ಹಾಪ್ಕಿನ್ಸ್. ಇವನು ಸಫಕ್ ಸೀಮೆಯ ಪಾದ್ರಿಯೊಬ್ಬನ ಮಗನು. 1642ರಲ್ಲಿ ದೊರೆಗೂ ಪಾರ್ಲಿಮೆಂಟಿಗೂ ಯುದ್ಧವು ಆರಂಭವಾಗಿ ದೇಶದ ನ್ಯಾಯವ್ಯವಸ್ಥೆಯು ಸಡಿಲವಾಗಿದ್ದಿತು. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಗಾದೆಯನ್ನು ಅನುಸರಿಸಿ ಹಾಪ್ಕಿನ್ಸನು 1645ರಲ್ಲಿ ಮ್ಯಾನಿಂಗ್‌ಟ್ರೀ ಎಂಬ ಊರಿನಿಂದ ಹೊರಟನು. ಮಾಟಗಾತಿಯರನ್ನು ಹುಡುಕುವ ಮಹಾಧಿಕಾರಿ ಎಂಬ ಬಿರುದನ್ನು ಪಾರ್ಲಿಮೆಂಟು ಅವನಿಗೆ ಕೊಡಲಿಲ್ಲ, ತಾನೇ ಧರಿಸಿಕೊಂಡನು. ಅವನ ಕೈಗೆ ಮೊದಲು ಸಿಕ್ಕವಳು ಎಲಿಜಬೆತ್ ಕ್ಲಾರ್ಕ್ ಎಂಬ ಒಂದು ಕಾಲಿಲ್ಲದ ಬಡ ಮುದುಕಿ. ಇಂಗ್ಲೆಂಡಿನ ಸಾಮಾನ್ಯ ಕಾನೂನಿನಲ್ಲಿ ಚಿತ್ರಹಿಂಸೆಗೆ ಅವಕಾಶವಿರಲಿಲ್ಲ. ಆದುದರಿಂದ ಅವನು ಅದಕ್ಕೆ ಕಾವಲು ಎಂಬ ಸೌಮ್ಯವಾದ ಹೆಸರನ್ನಿಟ್ಟನು. ಆರೋಪಿತಳನ್ನು ಕೆಲವು ರಾತ್ರಿಗಳ ಕಾಲ ನಿದ್ರೆಮಾಡಲು ಬಿಡದೆ ಎಚ್ಚರವಾಗಿ ಇರಿಸುವುದು, ನಡೆದಾಡಿಸುವುದು, ಅವಳ ಸೇವೆಗಿರುವ ಭೂತಗಳು ಯಾವುದಾದರೂ ಪ್ರಾಣಿಯ ರೂಪದಲ್ಲಿ ಬರುವುವೇ ಎಂದು ಕಾಯುವುದು. ಕೋಣೆಯೊಳಗೆ ಬಂದ ನೊಣವನ್ನಾಗಲಿ ಜೇಡವನ್ನಾಗಲಿ ಕೊಲ್ಲಲಾಗದಿದ್ದರೆ ಅದೇ ಭೂತವು! ನಿದ್ರೆಗೆಟ್ಟು ಭ್ರಮಿಸಿದ ಮುದುಕಿಯು ಕಡೆಗೆ ಏನನ್ನು ಕೇಳಿದರೂ ಹೌದೆಂದಳು. ಕೇಳಿದ ಹೆಸರುಗಳನ್ನೂ ಹೇಳಿದಳು.

ಇದಲ್ಲದೆ ಮೈಮೇಲಿನ ಮಚ್ಚೆಯನ್ನು ಹುಡುಕಿ ಪರೀಕ್ಷಿಸುವುದು, ಕೈಕಾಲು ಕಟ್ಟಿ ನೀರಿಗೆ ಹಾಕುವುದು ಎಂಬ ಪರೀಕ್ಷೆಗಳೂ ಇದ್ದವು. ನೀರಿನಲ್ಲಿ ತೇಲಿದವಳು ಅಪರಾಧಿ, ಮುಳುಗಿದವಳು ನಿರ್ದೋಷಿ. ಭಾರತದ ಧರ್ಮಶಾಸ್ತ್ರಗಳಲ್ಲಿಯೂ ಅಗ್ನಿ, ಜಲ, ತುಲಾ ಮೊದಲಾದ ದಿವ್ಯಗಳು ಹೇಳಲ್ಪಟ್ಟಿವೆ. ಆದರೆ ಸಾಕ್ಷಿ, ಲೇಖ್ಯ, ಭುಕ್ತಿ ಎಂಬ ಮಾನುಷ ಪ್ರಮಾಣಗಳು ದೊರೆಯದಾಗ ಮಾತ್ರವೇ ದಿವ್ಯವೆಂದು ಶಾಸ್ತ್ರಕಾರರು ಅದಕ್ಕೆ ಮೇರೆಯನ್ನು ಹಾಕಿದ್ದರು. ಹಾಪ್ಕಿನ್ಸನಿಗೆ ಮೇರೆಯೇ ಇರಲಿಲ್ಲ. 1645ನೆಯ ಆಗಸ್ಟ್ 27ರಂದು ಬರಿ ಸೇಂಟ್ ಎಡ್ಮಂಡ್ಸ್ ಎಂಬ ಊರಿನಲ್ಲಿ ಒಂದೇ ದಿನ 18 ಮಂದಿಯನ್ನು ಗಲ್ಲಿಗೇರಿಸಿದರು. ಅವರಲ್ಲಿ ಜಾನ್ ಲೋಸ್ ಎಂಬ ಸುಮಾರು ಎಂಬತ್ತು ವರ್ಷದ ಪಾದ್ರಿಯೂ ಒಬ್ಬನು. ತನ್ನ ಉತ್ತರಕ್ರಿಯೆಯ ಪ್ರಾರ್ಥನೆಯನ್ನು ಅವನು ತಾನೇ ಓದಿಕೊಂಡನು. ಊರುಗಳು ಈ ಸೇವೆಗೆ ಹಣವನ್ನು ತೆರುತ್ತಿದ್ದವು. ಸ್ಟೋಮಾರ್ಕೆಟ್ ಎಂಬ ಪಟ್ಟಣವೊಂದೇ 23 ಪೌಂಡುಗಳನ್ನು ಕೊಟ್ಟಿತು. ದಿನಕ್ಕೆ ಆರು ಪೆನ್ನಿ ಸಂಪಾದಿಸುವ ಕೂಲಿಯಾಳು ಅಷ್ಟನ್ನು ಗಳಿಸಲು ಎರಡೂವರೆ ವರ್ಷ ಬಿಡುವಿಲ್ಲದೆ ದುಡಿಯಬೇಕಾಗಿತ್ತು. ಜಾನ್ ಗಾಲ್ ಎಂಬ ಪಾದ್ರಿಯು 1646ರಲ್ಲಿ ಧೈರ್ಯವಾಗಿ ಈ ಪದ್ಧತಿಗಳನ್ನು ಖಂಡಿಸಿ ಪುಸ್ತಕವನ್ನು ಬರೆದನು. ಸುಕ್ಕುಗಟ್ಟಿದ ಮುಖದ ಮುದುಕಿಯರೆಲ್ಲರೂ ಮಾಟಗಾತಿಯರೆನಿಸುತ್ತಿರುವರೆಂಬುದು ಅವನ ದೂರು. ತಾರ್ಕಿಕರ ಮಾತಿನಲ್ಲಿ ಇದೇ ಅತಿವ್ಯಾಪ್ತಿದೋಷವು. ಮುಂದೆ ನ್ಯಾಯಾಧಿಪತಿಗಳೂ ಪ್ರಶ್ನಿಸತೊಡಗಿದರು. ಎರಡು ವರ್ಷಗಳಲ್ಲಿ ಸುಮಾರು ನೂರು ಮಂದಿಯ ಸಾವಿಗೆ ಕಾರಣನಾದ ಹಾಪ್ಕಿನ್ಸನು 1647ರಲ್ಲಿ ತೀರಿಹೋದನು. ಅವನನ್ನೂ ಜನರು ನೀರಿಗೆ ಹಾಕಿ ಪರೀಕ್ಷಿಸಿದರೆಂಬ ಕಥೆಯೊಂದು ಪ್ರಚಾರದಲ್ಲಿದೆ. ಕರ್ಮಫಲವನ್ನು ಕಣ್ಣಾರೆ ಕಾಣಬಯಸಿದವರು ಕಟ್ಟಿದ ಕಥೆಯದು. ಅವನು ಸತ್ತುದು ಕ್ಷಯರೋಗದಿಂದಲೆಂದು ಇತಿಹಾಸಜ್ಞರು ತಿಳಿಯುವರು.

ಇಂಗ್ಲೆಂಡಿನಲ್ಲಿ ನಿದ್ರೆಗೆಡಿಸಿ ಮಾಡಿಸಿದುದನ್ನು ಜರ್ಮನಿಯ ಬಾಂಬೆರ್ಗ್ ಪಟ್ಟಣದಲ್ಲಿ ಯಂತ್ರಗಳಿಂದ ಮಾಡಿಸಿದರು. ಆ ರಾಜ್ಯವನ್ನು ಆಳುತ್ತಿದ್ದವನು ಒಬ್ಬ ಬಿಷಪ್ಪನು. ಮಾಟದ ಆರೋಪಿಗಳಿಗಾಗಿಯೇ 1627ರಲ್ಲಿ ಅವನು ಒಂದು ಸೆರೆಮನೆಯನ್ನು ಕಟ್ಟಿಸಿದನು. 1628ನೆಯ ಜೂನ್ ತಿಂಗಳಲ್ಲಿ ಆ ಪಟ್ಟಣದ ಪುರಾಧ್ಯಕ್ಷರಲ್ಲೊಬ್ಬನಾದ ಯೊಹಾನೆಸ್ ಯೂನಿಯುಸ್ ಎಂಬ 55 ವರ್ಷದ ಗೌರವಸ್ಥನನ್ನು ಹಿಡಿದರು. ಅವನ ಹೆಂಡತಿಯನ್ನು ಮೊದಲೇ ಕೊಂದಿದ್ದರು. ಅವನು ಜುಲೈ 24ರಂದು ತನ್ನ ಮಗಳಾದ ವೆರೋನಿಕಳಿಗೆ ಗುಟ್ಟಾಗಿ ಬರೆದ ಪತ್ರವು ಬಾಂಬೆರ್ಗಿನ ಗ್ರಂಥಾಲಯದಲ್ಲಿ ಇಂದಿಗೂ ಉಳಿದಿದೆ. ಹೆಬ್ಬೆರಳುಗಳನ್ನು ಕಬ್ಬಿಣದ ತಿರುಪಿನಲ್ಲಿ ಅದುಮಿದುದರಿಂದ ಕೈಗಳು ನಿಷ್ಪ್ರಯೋಜಕವಾಗಿದ್ದವೆಂದೂ, ಕೈಗಳನ್ನು ಹಿಂದಕ್ಕೆ ಕಟ್ಟಿ ಹಗ್ಗದಿಂದ ಎಂಟು ಸಲ ಮೇಲೆತ್ತಿ ಕೆಳಕ್ಕೆ ಬಿಟ್ಟರೆಂದೂ ಅದರಲ್ಲಿ ಅವನು ತಿಳಿಸುವನು. ಹಿಂಸಿಸುತ್ತಿದ್ದ ಸೇವಕನೇ ಮರುಗಿ, ಏನಾದರೂ ಒಂದನ್ನು ಕಲ್ಪಿಸಿ ಹೇಳಿಬಿಡು, ಹೇಳದಿದ್ದರೆ ಒಂದಾದಮೇಲೊಂದು ಹಿಂಸೆ ಬರುತ್ತಲೇ ಇರುವುದೆಂದು ಅವನನ್ನು ಬೇಡಿಕೊಂಡನಂತೆ. ಯೂನಿಯುಸನು ಒಂದು ಕಥೆಯನ್ನು ಕಟ್ಟಿದನು. ಅಷ್ಟು ಸಾಲದೆಹೋಯಿತು. ಸಹಚರರ ಹೆಸರು ಬೇಕೆಂದು ಪೀಡಿಸಿ, ಊರಿನ ಬೀದಿಗಳನ್ನು ಒಂದೊಂದಾಗಿ ಹೇಳುತ್ತ, ಈ ಬೀದಿಯಲ್ಲಿ ಯಾರು, ಆ ಬೀದಿಯಲ್ಲಿ ಯಾರು ಎಂದು ಕೇಳಿದರು. ಅವನು ಕೆಲವರ ಹೆಸರುಗಳನ್ನು ಹೇಳಬೇಕಾಯಿತು. ಅವನ ಮೇಲೆ ಸಾಕ್ಷಿ ಹೇಳಿದ್ದ ಆರು ಮಂದಿಯೂ ಹೀಗೆಯೇ ಬಲಾತ್ಕಾರದಿಂದ ಹೇಳಿದವರು. ಸಾಯುವ ಮೊದಲು ಅವರು ಅವನಲ್ಲಿ ಕ್ಷಮೆಯನ್ನು ಬೇಡಿದ್ದರೆಂಬುದನ್ನೂ ಪತ್ರದ ಅಂಚಿನಲ್ಲಿ ಬರೆದಿರುವನು. ಈ ಕಾಗದವನ್ನು ಯಾರಿಗೂ ತೋರಿಸಬೇಡವೆಂದು ಮಗಳಿಗೆ ಎಚ್ಚರಿಕೆ ಕೊಟ್ಟು ಮುಗಿಸಿದನು. ಆಗಸ್ಟ್ ತಿಂಗಳಿನಲ್ಲಿ ಅವನ ವಧೆಯಾಯಿತು.

ಒಬ್ಬನ ಬಾಯಿಂದ ಆರು ಹೆಸರು, ಆ ಆರು ಮಂದಿಯಿಂದ ಮೂವತ್ತಾರು, ಹೀಗೆ ಬೇಟೆಯು ತನ್ನಷ್ಟಕ್ಕೆ ತಾನೇ ಬೆಳೆಯಿತು. ಇದರ ಒಳಗುಟ್ಟನ್ನು ಬಿಡಿಸಿ ತೋರಿಸಿದವನು ಫ್ರೀಡ್ರಿಕ್ ಶ್ಪೇ ಎಂಬ ಜೆಸ್ಯೂಟ್ ಪಾದ್ರಿ. ಅವನು ಕವಿಯೂ ನೀತಿಶಾಸ್ತ್ರದ ಅಧ್ಯಾಪಕನೂ ಆಗಿದ್ದನು. ಪ್ರಶ್ನೋತ್ತರರೂಪದ ‘ಕೌತಿಯೊ ಕ್ರಿಮಿನಾಲಿಸ್’ ಎಂಬ ಗ್ರಂಥವನ್ನು ಅವನು ಬರೆದುದು ಲ್ಯಾಟಿನ್ ಭಾಷೆಯಲ್ಲಿ. ಅದು 1631ರಲ್ಲಿ ಕರ್ತೃವಿನ ಹೆಸರಿಲ್ಲದೆ ಪ್ರಕಟವಾಯಿತು. ಹೆಸರಿಟ್ಟಿದ್ದರೆ ಅವನ ತಲೆಗೇ ಬರುತ್ತಿತ್ತು. ಸ್ತ್ರೀಯ ನಡತೆ ಕೆಟ್ಟದಾಗಿದ್ದರೆ ಅದೇ ಪ್ರಮಾಣ. ಒಳ್ಳೆಯದಾಗಿದ್ದರೆ ಮಾಟಗಾತಿಯರು ಸಾಧುಗಳಂತೆ ನಟಿಸುವರೆಂಬುದೇ ಪ್ರಮಾಣ. ಹೆದರಿದರೆ ಅಪರಾಧಿ, ಹೆದರದಿದ್ದರೆ ಅದೂ ಮಾಟದ ಬಲ. ಹಿಂಸೆಯನ್ನು ತಾಳಲಾರದೆ ಒಪ್ಪಿಕೊಂಡರೆ ಸಿದ್ಧವಾಯಿತು; ತಾಳಿಕೊಂಡರೆ ಸೈತಾನನೇ ತಾಳುವ ಶಕ್ತಿಯನ್ನು ಕೊಟ್ಟನೆಂದು ಸಿದ್ಧವಾಯಿತು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂತೆ, ಆರೋಪದಿಂದ ಸಾಕ್ಷ್ಯವೂ ಸಾಕ್ಷ್ಯದಿಂದ ಆರೋಪವೂ ಹುಟ್ಟುತ್ತಿದ್ದ ಈ ಅನ್ಯೋನ್ಯಾಶ್ರಯವನ್ನು ಶ್ಪೇ ಪಾದ್ರಿಯು ಬಯಲುಮಾಡಿದನು. ಯಾತನೆಗೆ ಗುರಿಪಡಿಸಿದರೆ ನ್ಯಾಯಾಧಿಪತಿಗಳೂ ಪಾದ್ರಿಗಳೂ ಸಹ ಮಾಟಗಾರರೆಂದು ಒಪ್ಪಿಕೊಳ್ಳುವರೆಂಬುದು ಅವನ ವಾದದ ತಿರುಳು. ಅವನ ಕೂದಲು ಅಕಾಲದಲ್ಲಿ ನರೆತುದು ಚಿತೆಯವರೆಗೆ ತಾನು ಕರೆದೊಯ್ದ ನಿರಪರಾಧಿಗಳ ದುಃಖದಿಂದಲೆಂದು ಹಿರಿಯರು ಹೇಳಿದುದನ್ನು ತತ್ತ್ವಜ್ಞಾನಿಯಾದ ಲೈಬ್ನಿಟ್ಸನು ಬರೆದಿಟ್ಟಿರುವನು. 1635ರಲ್ಲಿ ಟ್ರಿಯರ್ ಪಟ್ಟಣದಲ್ಲಿ ವ್ಯಾಧಿಪೀಡಿತರಾದ ಸಿಪಾಯಿಗಳ ಶುಶ್ರೂಷೆ ಮಾಡುತ್ತ ಶ್ಪೇ ತೀರಿಕೊಂಡನು.

ಗ್ರಹಗಳ ಗತಿಯ ನಿಯಮಗಳನ್ನು ಕಂಡುಹಿಡಿದ ಯೊಹಾನೆಸ್ ಕೆಪ್ಲರನ ಮನೆಯನ್ನೂ ಈ ಬೇಟೆಯು ಹೊಕ್ಕಿತು. ಅವನ ತಾಯಿ ಕತರೀನಳು ಗಿಡಮೂಲಿಕೆಗಳನ್ನು ಬಲ್ಲ ವಿಧವೆ. ಅವಳು ಕೊಟ್ಟ ಪಾನೀಯದಿಂದ ತನಗೆ ರೋಗ ಬಂದಿತೆಂದು ನೆರೆಯ ಸ್ತ್ರೀಯೊಬ್ಬಳು 1615ರಲ್ಲಿ ದೂರಿದಳು. 1620ರಲ್ಲಿ, ಎಪ್ಪತ್ತು ದಾಟಿದ್ದ ಆ ಮುದುಕಿಯನ್ನು ಬಂಧಿಸಿ ಸರಪಣಿಯಲ್ಲಿಟ್ಟರು. ಕೆಪ್ಲರನು ತನ್ನ ಗಣಿತದ ಕೆಲಸಗಳನ್ನು ಬಿಟ್ಟು ಬಂದು, ಆರೋಪಗಳನ್ನೆಲ್ಲ ಬರವಣಿಗೆಯಲ್ಲಿ ಕೊಡಬೇಕೆಂದು ಹಟಹಿಡಿದು, ಒಂದೊಂದಕ್ಕೂ ಬರವಣಿಗೆಯಲ್ಲಿಯೇ ಉತ್ತರಕೊಟ್ಟನು. ಇಂಥವರ ರೋಗಕ್ಕೆ ಇಂಥ ಸ್ವಾಭಾವಿಕ ಕಾರಣವಿದೆ, ಈ ಸಾಕ್ಷಿಯ ಮಾತು ಆ ಸಾಕ್ಷಿಯ ಮಾತಿಗೆ ವಿರುದ್ಧವಾಗಿದೆ ಎಂದು ತೋರಿಸುತ್ತ ಹೋದನು. ಕಡೆಗೆ ಚಿತ್ರಹಿಂಸೆಯ ಉಪಕರಣಗಳನ್ನು ಎದುರಿಗಿಟ್ಟು ಹೆದರಿಸಿದರೂ ಆ ವೃದ್ಧೆಯು ಮಾಡದ ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ಹದಿನಾಲ್ಕು ತಿಂಗಳ ಸೆರೆಯಾದಮೇಲೆ 1621ರಲ್ಲಿ ಬಿಡುಗಡೆ ಹೊಂದಿ, ಮರುವರ್ಷವೇ ತೀರಿಹೋದಳು. ಅಂಥ ಮಗನಿಲ್ಲದ ತಾಯಂದಿರ ಗತಿಯೇನಾಯಿತೆಂಬುದನ್ನು ವಾಚಕರೇ ಊಹಿಸಬಹುದು.

ಕೆಪ್ಲರನು ಒಬ್ಬಳಿಗಾಗಿ ಮಾಡಿದ ಈ ಶೋಧನೆಯನ್ನು ಅದಕ್ಕೂ ಹತ್ತು ವರ್ಷಗಳ ಮೊದಲೇ ಒಂದು ಸೀಮೆಗೆಲ್ಲ ಮಾಡಿದವನು ಯಾರೂ ನಿರೀಕ್ಷಿಸದ ಕಡೆಯಿಂದ ಬಂದನು. ಸ್ಪೇನ್ ದೇಶದ ಇನ್‌ಕ್ವಿಸಿಷನ್ ಎಂಬ ಮತವಿಚಾರಣಾಸಭೆಯ ಹೆಸರು ಕ್ರೌರ್ಯಕ್ಕೆ ಪರ್ಯಾಯಪದವಾಗಿದೆ. ಮತಭ್ರಷ್ಟರೆನಿಸಿದವರ ವಿಷಯದಲ್ಲಿ ಅದು ಕ್ರೂರವಾಗಿದ್ದುದು ನಿಜ. ಅದರ ಲೊಗ್ರೊನ್ಯೊ ಪಟ್ಟಣದ ಶಾಖೆಯಲ್ಲಿ ಮೂವರು ವಿಚಾರಕರಿದ್ದರು. ಬಾಸ್ಕ್ ಸೀಮೆಯ ಸುಗರಮುರ್ದಿ ಎಂಬ ಹಳ್ಳಿಯಲ್ಲಿ ಎದ್ದ ಗದ್ದಲವು ಇವರವರೆಗೆ ಬಂದು, 1610ನೆಯ ನವೆಂಬರ್ ತಿಂಗಳಿನಲ್ಲಿ ದೊಡ್ಡ ಜನಸಂದಣಿಯ ಮುಂದೆ ಆರು ಮಂದಿಯನ್ನು ಸುಟ್ಟರು. ಸೆರೆಯಲ್ಲಿಯೇ ಸತ್ತಿದ್ದ ಐವರ ಪ್ರತಿಮೆಗಳನ್ನೂ ಸುಟ್ಟರು. ಇದರಿಂದ ಹಾವಳಿ ಅಡಗಲಿಲ್ಲ, ಹತ್ತರಷ್ಟಾಯಿತು. ಶಿಕ್ಷೆಯ ವರ್ಣನೆಯನ್ನೂ ಪ್ರವಚನವನ್ನೂ ಕೇಳಿದ ಊರೂರಿನ ಮಕ್ಕಳು, ತಮ್ಮನ್ನು ರಾತ್ರಿ ಮಾಟಗಾತಿಯರ ಸಭೆಗೆ ಎತ್ತಿಕೊಂಡು ಹೋದರೆಂದು ಹೇಳತೊಡಗಿದರು.

ಮೂವರು ವಿಚಾರಕರಲ್ಲಿ ಕಿರಿಯನಾದ ಅಲೋನ್ಸೊ ಡಿ ಸಲಸಾರನು 1611ನೆಯ ಮೇ ತಿಂಗಳಿನಲ್ಲಿ ಕ್ಷಮಾಪತ್ರವನ್ನು ಹಿಡಿದು ಆ ಬೆಟ್ಟಸೀಮೆಗೆ ಹೊರಟನು. ಸುಮಾರು ಎಂಟು ತಿಂಗಳು ಸಂಚರಿಸಿದನು. ತಪ್ಪೊಪ್ಪಿಕೊಂಡವರಿಗೆ ಶಿಕ್ಷೆಯಿಲ್ಲವೆಂದು ಸಾರಿದುದರಿಂದ 1,802 ಮಂದಿ ಬಂದರು. ಅವರಲ್ಲಿ 1,384 ಮಂದಿ ಮಕ್ಕಳು. ಸಲಸಾರನು ಯಾರ ಮೇಲೆಯೂ ಕೈಮಾಡಲಿಲ್ಲ. ಪ್ರಶ್ನೆಗಳನ್ನು ಮಾತ್ರ ಕೇಳಿದನು. ಒಂದೇ ಸಭೆಗೆ ಹೋಗಿದ್ದೆವೆಂದವರನ್ನು ಬೇರೆಬೇರೆಯಾಗಿ ಆ ಸ್ಥಳಕ್ಕೆ ಕರೆದೊಯ್ದು, ಎಲ್ಲಿ ಕೂತಿರಿ, ಯಾವ ದಾರಿಯಲ್ಲಿ ಬಂದಿರಿ ಎಂದು ವಿಚಾರಿಸಿದರೆ ಒಬ್ಬರ ಮಾತು ಇನ್ನೊಬ್ಬರದಕ್ಕೆ ಹೊಂದಲಿಲ್ಲ. ಸಂತ ಯೋಹಾನನ ಹಬ್ಬದ ರಾತ್ರಿ ಸಭೆಯು ಸೇರುವುದೆಂದು ಹೇಳಿದ್ದ ಸ್ಥಳಕ್ಕೆ ಅವನ ಲೇಖಕರು ಹೋಗಿ ಕಾದರು. ಅಲ್ಲಿ ಏನೂ ಕಾಣಲಿಲ್ಲ. ಹಾರಿಹೋಗಲು ಹಚ್ಚಿಕೊಳ್ಳುವ ಲೇಪವೆಂದು ಜನರು ತಂದೊಪ್ಪಿಸಿದ 22 ಗಡಿಗೆಗಳನ್ನು ವೈದ್ಯರಿಂದ ಪರೀಕ್ಷೆ ಮಾಡಿಸಿ, ಪ್ರಾಣಿಗಳ ಮೇಲೆಯೂ ಪ್ರಯೋಗಿಸಿದನು. ಏನೂ ಆಗಲಿಲ್ಲ. ಪೀಡನೆಯನ್ನು ತಾಳಲಾರದೆ, ಏನನ್ನಾದರೂ ಒಪ್ಪಿಸಬೇಕೆಂದು ತಾವೇ ಕಲಸಿ ತಂದ ಲೇಪವದು. ಎಂಬತ್ತು ಮಂದಿ ತಮ್ಮ ಹಿಂದಿನ ತಪ್ಪೊಪ್ಪಿಗೆಯು ಸುಳ್ಳೆಂದು ಹಿಂತೆಗೆದುಕೊಂಡರು.

ಸಲಸಾರನು 1612ರಲ್ಲಿ ಮ್ಯಾಡ್ರಿಡ್ಡಿನ ಮಹಾಸಭೆಗೆ ವರದಿಯನ್ನು ಒಪ್ಪಿಸಿದನು. ಮಾಟವೆಂಬುದೇ ಲೋಕದಲ್ಲಿಲ್ಲವೆಂದು ಅವನು ವಾದಿಸಲಿಲ್ಲವೆಂಬುದನ್ನು ಗಮನಿಸಬೇಕು. ಸೈತಾನನ ಶಕ್ತಿಯ ವಿಷಯವಾದ ಮತಸಿದ್ಧಾಂತವನ್ನು ಅವನು ಮುಟ್ಟಲೇ ಇಲ್ಲ. ಈ ಊರಿನಲ್ಲಿ, ಈ ರಾತ್ರಿಯಲ್ಲಿ, ಈ ವ್ಯಕ್ತಿಯು ಈ ಕೃತ್ಯವನ್ನು ಮಾಡಿದಳೆಂಬುದಕ್ಕೆ ಒಂದಾದರೂ ಪ್ರಮಾಣ ದೊರೆಯಲಿಲ್ಲವೆಂದಷ್ಟೇ ಹೇಳಿದನು. ಜನರು ಆಡಿಕೊಳ್ಳುವುದರಿಂದಲೂ ಬರೆಯುವುದರಿಂದಲೂ ಈ ಪೀಡೆಯು ಹರಡಿತು. ಮೌನವೇ ಅದಕ್ಕೆ ಔಷಧವೆಂದು ಅಭಿಪ್ರಾಯಪಟ್ಟನು. ಉಳಿದಿಬ್ಬರು ವಿಚಾರಕರು ಅವನನ್ನು ಉಗ್ರವಾಗಿ ವಿರೋಧಿಸಿದರು. ಆದರೆ 1614ನೆಯ ಆಗಸ್ಟ್ 29ರಂದು ಮಹಾಸಭೆಯು ಅವನ ಸಲಹೆಗಳನ್ನು ಬಹುಮಟ್ಟಿಗೆ ಅಂಗೀಕರಿಸಿ ಹೊಸ ನಿಯಮಗಳನ್ನು ವಿಧಿಸಿತು. ಕ್ಯಾಟಲೋನಿಯದ ಊರಿನ ನ್ಯಾಯಸ್ಥಾನಗಳು ಇನ್ನೂ ಕೆಲವು ವರ್ಷ ಸ್ತ್ರೀಯರನ್ನು ನೇಣುಹಾಕುತ್ತಿದ್ದವು. ಆದರೆ ಸ್ಪೇನಿನ ಇನ್‌ಕ್ವಿಸಿಷನ್ ಆಮೇಲೆ ಮಾಟದ ಆರೋಪದ ಮೇಲೆ ಯಾರನ್ನೂ ಸುಡಲಿಲ್ಲ. ಬಾಂಬೆರ್ಗಿನ ಚಿತೆಗಳು ಉರಿದುದು ಇದಕ್ಕೆ ಹನ್ನೆರಡು ವರ್ಷಗಳ ತರುವಾಯವೆಂಬುದನ್ನು ನೆನೆದರೆ ಈ ನಿರ್ಣಯದ ಬೆಲೆಯು ತಿಳಿಯುವುದು. 1610ರಲ್ಲಿ ಆರು ಮಂದಿಯನ್ನು ಸುಡಿಸಿದ ಪೀಠದಲ್ಲಿ ಸಲಸಾರನೂ ಕುಳಿತಿದ್ದವನೇ. ಸತ್ತವರನ್ನು ಅವನು ಬದುಕಿಸಲಾರದೆ ಹೋದನು. ಆದರೆ ತನ್ನ ಪೀಠದ ತೀರ್ಪನ್ನೇ ಪರೀಕ್ಷೆಗೆ ಒಡ್ಡಿ, ಸಿಕ್ಕಿದ ಉತ್ತರವನ್ನು ಮುಚ್ಚಿಡದೆ ಬರೆದನು.

ಮುಂದೆ ಒಂದೊಂದಾಗಿ ದೇಶಗಳು ಈ ವಿಚಾರಣೆಗಳನ್ನು ಕೈಬಿಟ್ಟವು. ಸ್ವಿಟ್ಸರ್ಲೆಂಡಿನ ಗ್ಲಾರುಸ್ ಸೀಮೆಯಲ್ಲಿ 1782ರಲ್ಲಿ ಆನ್ನಾ ಗೋಲ್ಡಿ ಎಂಬ ಮನೆಗೆಲಸದವಳ ಶಿರಚ್ಛೇದವಾಯಿತು. ಅದು ಯೂರೋಪಿನ ಇಂಥ ಕಡೆಯ ಮರಣದಂಡನೆಗಳಲ್ಲೊಂದು. ಅದೇ ಸೀಮೆಯ ಶಾಸನಸಭೆಯು 2008ರಲ್ಲಿ ಅವಳನ್ನು ನಿರ್ದೋಷಿಯೆಂದು ಸಾರಿತು. ನಡುವೆ 226 ವರ್ಷಗಳು ಕಳೆದಿದ್ದವು.

ಇದೆಲ್ಲ ಪರದೇಶದ ಹಳೆಯ ಕಥೆಯೆಂದು ಭಾರತೀಯನು ನಿಶ್ಚಿಂತನಾಗುವಂತಿಲ್ಲ. ಸ್ತ್ರೀಯರನ್ನು ಡಾಕಿನಿಯರೆಂದು ಹೆಸರಿಟ್ಟು ಹಿಂಸಿಸುವುದನ್ನು ತಡೆಯಲು ಬಿಹಾರವು 1999ರಲ್ಲಿಯೂ, ಝಾರ್ಖಂಡವು 2001ರಲ್ಲಿಯೂ, ಛತ್ತೀಸಗಢವು 2005ರಲ್ಲಿಯೂ, ಒಡಿಶಾವು 2013ರಲ್ಲಿಯೂ ಶಾಸನಗಳನ್ನು ಮಾಡಬೇಕಾಯಿತು. ಅಸ್ಸಾಮಿನ ವಿಧಾನಸಭೆಯು 2015ರಲ್ಲಿ ಅಂಗೀಕರಿಸಿದ ಶಾಸನದ ಹಿಂದೆ ಬೀರುಬಾಲಾ ರಾಭಾ ಎಂಬ ಹಳ್ಳಿಯ ಹೆಂಗಸಿನ ದುಡಿಮೆಯಿದೆ. ಆಕೆಯ ಮಗನಿಗೆ ವ್ಯಾಧಿ ಬಂದಾಗ, ಹಳ್ಳಿಯ ಮಂತ್ರವಾದಿಯು ಇವನಿಗೆ ಕ್ಷುದ್ರಶಕ್ತಿಯ ಸೋಂಕಾಗಿದೆ, ಮೂರು ದಿನಗಳಲ್ಲಿ ಸಾಯುವನು ಎಂದು ಹೇಳಿದನು. ಮೂರು ದಿನಗಳು ಕಳೆದವು, ಹುಡುಗನು ಸಾಯಲಿಲ್ಲ. ನುಡಿದ ಭವಿಷ್ಯವು ಸುಳ್ಳಾದಮೇಲೆ ಅದಕ್ಕೆ ಆಧಾರವಾದ ಮಾತೂ ಸುಳ್ಳೇ ಇರಬೇಕೆಂದು ಆ ತಾಯಿಯು ತಿಳಿದಳು. ಹೆಚ್ಚಿನ ವಿದ್ಯಾಭ್ಯಾಸವಿಲ್ಲದ ಆಕೆಯು ಆಮೇಲೆ ಊರೂರು ತಿರುಗಿ, ಬೆದರಿಕೆಗಳನ್ನು ಸಹಿಸಿ, ಆರೋಪಿತರಾದ ಎಷ್ಟೋ ಮಂದಿಯ ಪ್ರಾಣವನ್ನು ಉಳಿಸಿದಳು. 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದು 2024ರಲ್ಲಿ ತೀರಿಕೊಂಡಳು. ಸಲಸಾರನ ಹೆಸರನ್ನೇ ಕೇಳಿರದಿದ್ದರೂ ಆಕೆಯ ಮಾರ್ಗವು ಅವನ ಮಾರ್ಗವೇ.

ಚಲಚ್ಚಿತ್ರದ ಅಣ್ಣತಂಗಿಯರು ಬಂದೂಕುಗಳನ್ನು ಹಿಡಿದು ಮಾಟಗಾತಿಯರನ್ನು ಅಟ್ಟುವುದನ್ನು ನೋಡಿ ನಕ್ಕು ಸಂತೋಷಪಡುವುದರಲ್ಲಿ ದೋಷವೇನೂ ಇಲ್ಲ, ಕಥೆಯು ಕಥೆಯೇ. ಆದರೆ ಆ ಕಥೆಯು ನಡೆದ ನಾಡಿನಲ್ಲಿ ನಿಜವಾದ ಶೂರರೆನಿಸಿದವರ ಕೈಯಲ್ಲಿ ಆಯುಧವಿರಲಿಲ್ಲ. ಒಬ್ಬನು ಹೆಸರಿಲ್ಲದ ಪುಸ್ತಕವನ್ನು ಬರೆದನು. ಒಬ್ಬನು ತಾಯಿಗಾಗಿ ಮನವಿಗಳನ್ನು ಬರೆದನು. ಸ್ಪೇನಿನ ಬೆಟ್ಟಗಳಲ್ಲಿ ಇನ್ನೊಬ್ಬನು ಮಕ್ಕಳ ಮಾತನ್ನು ತಾಳ್ಮೆಯಿಂದ ಕೇಳಿ, ಗಡಿಗೆಯ ಮುಚ್ಚಳವನ್ನು ತೆಗೆದು ಒಳಗೇನಿದೆಯೆಂದು ನೋಡಿದನು. ಊರೆಲ್ಲ ಒಂದಾಗಿ ಒಬ್ಬರ ಮೇಲೆ ಬೆರಳು ತೋರುವ ಹೊತ್ತು ಯಾವ ಕಾಲದಲ್ಲಿಯೂ ಬರಬಹುದು. ಆಗ ಇದಕ್ಕೆ ಪ್ರಮಾಣವೇನು ಎಂದು ಕೇಳುವವನು ಒಬ್ಬನಾದರೂ ಆ ಊರಿನಲ್ಲಿ ಇರಬೇಕು.